ಎರಡು ಸಣ್ಣ ವಿಮಾನ ನಿಲ್ದಾಣಗಳ ನಡುವಿನ ಪ್ರಯಾಣ: ನೇರ ವಿಮಾನವೇ, ಬದಲಿಸಿ ಹೋಗುವುದೇ, ರಸ್ತೆಯೇ?

ಎರಡು ಸಣ್ಣ ಪ್ರಾದೇಶಿಕ ವಿಮಾನ ನಿಲ್ದಾಣಗಳ ಹೆಸರು ಕೊಟ್ಟು ಅಂತರಜಾಲದಲ್ಲಿ ಹುಡುಕಿದವರಿಗೆ ಸಾಮಾನ್ಯವಾಗಿ ಎರಡು ಅಂಕಿಗಳು ಸಿಗುತ್ತವೆ. ದೂರ 390 ಕಿ.ಮೀ., ಹಾರಾಟದ ಅವಧಿ 29 ನಿಮಿಷ ಎಂದು ಒಂದು ಕ್ಯಾಲ್ಕುಲೇಟರ್ ತೋರಿಸಿತು ಎಂದಿಟ್ಟುಕೊಳ್ಳೋಣ. ದೂರದ ಅಂಕಿ ಸರಿಯಾಗಿಯೇ ಇದೆ. ಅವಧಿಯ ಅಂಕಿ ಮಾತ್ರ ಆ ದೂರವನ್ನು ಗಂಟೆಗೆ 800 ಕಿ.ಮೀ. ಎಂಬ ದೊಡ್ಡ ಜೆಟ್ ವಿಮಾನದ ವೇಗದಿಂದ ಭಾಗಿಸಿದಾಗ ಬಂದದ್ದು. ಅಂಥ ವಿಮಾನ ಆ ಎರಡು ನಿಲ್ದಾಣಗಳ ನಡುವೆ ಬಹುಮಟ್ಟಿಗೆ ಹಾರುವುದೇ ಇಲ್ಲ. ಹಾರಿದರೂ ನೆಲ ಬಿಟ್ಟಲ್ಲಿಂದ ನೆಲ ಮುಟ್ಟುವವರೆಗೆ ಅದೇ ವೇಗದಲ್ಲಿರುವುದು ಸಾಧ್ಯವಿಲ್ಲ.

ಇಂಥ ಎರಡು ಊರುಗಳ ನಡುವೆ ಹೋಗಬೇಕಾದವರ ಮುಂದೆ ಹೆಚ್ಚಾಗಿ ನಾಲ್ಕು ದಾರಿಗಳಿರುತ್ತವೆ. ವಾರದಲ್ಲಿ ಕೆಲವೇ ದಿನ ಇರುವ ನೇರ ವಿಮಾನ ಒಂದು. ನಡುವೆ ದೊಡ್ಡ ನಿಲ್ದಾಣವೊಂದರಲ್ಲಿ ಇಳಿದು ಇನ್ನೊಂದು ವಿಮಾನ ಹತ್ತುವುದು ಎರಡನೆಯದು. ಹತ್ತಿರದ ದೊಡ್ಡ ನಿಲ್ದಾಣದವರೆಗೆ ರಸ್ತೆಯಲ್ಲಿ ಹೋಗಿ ಅಲ್ಲಿಂದ ಹಾರುವುದು ಮೂರನೆಯದು. ಇಡೀ ದಾರಿಯನ್ನು ನೆಲದ ಮೇಲೆಯೇ ಕ್ರಮಿಸುವುದು ಕೊನೆಯದು. ಇವನ್ನು ಹೋಲಿಸುವಾಗ ಹಾರಾಟದ ಅವಧಿಗೆ ನಾವು ಕೊಡುವ ಮಹತ್ವ ಅತಿಯಾಯಿತು ಎಂಬುದು ನನ್ನ ಅಭಿಪ್ರಾಯ. ಮನೆಯಿಂದ ಮನೆಗೆ ತಗಲುವ ಒಟ್ಟು ಸಮಯ ಎಷ್ಟು ಎಂಬುದನ್ನೂ, ಇವತ್ತಿನ ವಿಮಾನ ಹೋಗದಿದ್ದರೆ ಮುಂದಿನದು ಯಾವಾಗ ಎಂಬುದನ್ನೂ ತಿಳಿದುಕೊಂಡವರಿಗೆ ಉಳಿದ ಲೆಕ್ಕ ಕಷ್ಟವಾಗುವುದಿಲ್ಲ. ಆದರೂ ದೂರ ಮತ್ತು ಅವಧಿಯ ಅಂಕಿಗಳು ಹೇಗೆ ಹುಟ್ಟುತ್ತವೆ ಎಂಬುದನ್ನು ಮೊದಲು ನೋಡಬೇಕು, ಏಕೆಂದರೆ ಹೋಲಿಕೆ ದಾರಿ ತಪ್ಪುವುದು ಬಹುತೇಕ ಅಲ್ಲಿಯೇ.

ದೂರ ಎಂದರೆ ಯಾವ ದೂರ

ವಿಮಾನಯಾನದಲ್ಲಿ ಎರಡು ನಿಲ್ದಾಣಗಳ ನಡುವಿನ ದೂರವೆಂದರೆ ಮಹಾವೃತ್ತದ ದೂರ, ಅಂದರೆ ಗ್ಲೋಬಿನ ಮೇಲೆ ಎರಡು ಬಿಂದುಗಳ ನಡುವೆ ನೂಲನ್ನು ಬಿಗಿಯಾಗಿ ಎಳೆದು ಹಿಡಿದರೆ ಆ ನೂಲು ಹಾಯುವ ದಾರಿ. ಈ ಬಿಂದುಗಳು ಊರಿನ ಮಧ್ಯಭಾಗದಲ್ಲಿ ಇರುವುದಿಲ್ಲ. ಪ್ರತಿ ನಿಲ್ದಾಣಕ್ಕೂ ಅಧಿಕೃತವಾಗಿ ಗೊತ್ತುಪಡಿಸಿದ ಒಂದು ಉಲ್ಲೇಖ ಬಿಂದು ಇರುತ್ತದೆ, ದೂರವನ್ನು ಅಲ್ಲಿಂದಲೇ ಅಳೆಯುತ್ತಾರೆ. ಊರಿನಿಂದ 20, 25 ಕಿ.ಮೀ. ಆಚೆ ಕಟ್ಟಿದ ನಿಲ್ದಾಣಗಳು ಅಪರೂಪವಲ್ಲವಾದ್ದರಿಂದ, ಊರಿನಿಂದ ಊರಿಗೆ ಅಳೆದ ದೂರಕ್ಕೂ ನಿಲ್ದಾಣದಿಂದ ನಿಲ್ದಾಣಕ್ಕೆ ಅಳೆದ ದೂರಕ್ಕೂ ಸಣ್ಣ ಮಾರ್ಗಗಳಲ್ಲಿ ಗಮನಿಸಬೇಕಾದಷ್ಟು ವ್ಯತ್ಯಾಸ ಬರಬಹುದು.

ಸ್ಥೂಲ ಲೆಕ್ಕವನ್ನು ಕಾಗದದ ಮೇಲೆ ಯಾರು ಬೇಕಾದರೂ ಮಾಡಬಹುದು. ಅಕ್ಷಾಂಶದ ಒಂದು ಡಿಗ್ರಿ ಎಲ್ಲ ಕಡೆಯೂ ಸುಮಾರು 111 ಕಿ.ಮೀ. ಇರುತ್ತದೆ, ರೇಖಾಂಶದ ಒಂದು ಡಿಗ್ರಿ ಸಮಭಾಜಕ ವೃತ್ತದ ಮೇಲೆ ಅಷ್ಟೇ ಇದ್ದು, ಧ್ರುವಗಳತ್ತ ಹೋದಂತೆ ಕಿರಿದಾಗುತ್ತ 60 ಡಿಗ್ರಿ ಅಕ್ಷಾಂಶದಲ್ಲಿ ಅರ್ಧಕ್ಕೆ ಇಳಿದಿರುತ್ತದೆ. ಒಂದು ನಿಲ್ದಾಣ 15 ಡಿಗ್ರಿ ಅಕ್ಷಾಂಶದಲ್ಲಿ, ಇನ್ನೊಂದು 17 ಡಿಗ್ರಿಯಲ್ಲಿ ಇದ್ದು, ರೇಖಾಂಶದಲ್ಲಿ ಅವುಗಳ ನಡುವೆ 3 ಡಿಗ್ರಿ ಅಂತರವಿದೆ ಎನ್ನೋಣ. ಉತ್ತರ ದಕ್ಷಿಣವಾಗಿ 222 ಕಿ.ಮೀ. ಆಯಿತು. ಪೂರ್ವ ಪಶ್ಚಿಮದ 333 ಕಿ.ಮೀ.ಯನ್ನು ನಡುವಿನ 16 ಡಿಗ್ರಿಯ ಕೊಸೈನ್ ಆದ 0.961ರಿಂದ ಗುಣಿಸಿದರೆ 320 ಕಿ.ಮೀ. ಆಗುತ್ತದೆ. ಇವೆರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ ಮೇಲೆ ಹೇಳಿದ 390 ಕಿ.ಮೀ. ಬರುತ್ತದೆ. ಭೂಮಿಯ ಸರಾಸರಿ ತ್ರಿಜ್ಯವನ್ನು 6371 ಕಿ.ಮೀ. ಎಂದು ಹಿಡಿದು, ಗೋಳದ ಮೇಲಿನ ದೂರವನ್ನು ಕಂಡುಹಿಡಿಯುವ ಹ್ಯಾವರ್‌ಸೈನ್ ಸೂತ್ರದಿಂದ ಮಾಡಿದ ಲೆಕ್ಕಕ್ಕೂ ಇದಕ್ಕೂ ಇಷ್ಟು ಕಡಿಮೆ ದೂರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರುವುದಿಲ್ಲ.

ಅಳತೆಯ ಮಾನ ಯಾವುದೆಂದು ನೋಡದೆ ಅಂಕಿಗಳನ್ನು ಹೋಲಿಸುವುದು ಇನ್ನೊಂದು ಸಾಮಾನ್ಯ ತಪ್ಪು. ವಿಮಾನ ಚಾಲಕರು ಬಳಸುವ ನಾಟಿಕಲ್ ಮೈಲಿ 1.852 ಕಿ.ಮೀ., ರಸ್ತೆಯ ಮೈಲಿ 1.609 ಕಿ.ಮೀ. ಹೀಗಾಗಿ ಅದೇ 390 ಕಿ.ಮೀ. ಒಂದು ಕಡೆ 211 ಎಂದೂ ಇನ್ನೊಂದು ಕಡೆ 242 ಎಂದೂ ಕಾಣಿಸಿಕೊಳ್ಳುತ್ತದೆ. ಒಂದೇ ಹೆಸರಿನ ಊರುಗಳೂ ಬೇಕಾದಷ್ಟಿವೆ; ಹೆಸರಿನ ಬದಲು ನಿಲ್ದಾಣದ ಸಂಕೇತ ಕೊಟ್ಟು ಹುಡುಕುವುದು ಕ್ಷೇಮ. ಟಿಕೆಟ್ ಮತ್ತು ಲಗೇಜ್ ಚೀಟಿಯ ಮೇಲೆ ಕಾಣುವ ಮೂರಕ್ಷರದ ಸಂಕೇತ ಬೇರೆ, ಚಾಲಕರ ನಕ್ಷೆಗಳಲ್ಲಿರುವ ನಾಲ್ಕಕ್ಷರದ ಸಂಕೇತ ಬೇರೆ.

ವಿಮಾನ ಈ ನೂಲಿನ ದಾರಿಯಲ್ಲೇ ಹಾರುತ್ತದೆಯೇ ಎಂದರೆ, ಇಲ್ಲ. ರನ್‌ವೇ ಯಾವ ದಿಕ್ಕಿಗೆ ಇದೆಯೋ ಆ ದಿಕ್ಕಿಗೆ ಏರಿ, ಬಳಿಕ ತಿರುಗಿ ಮಾರ್ಗಕ್ಕೆ ಸೇರಿ, ಕೊನೆಯಲ್ಲಿ ಮತ್ತೆ ರನ್‌ವೇಯ ನೇರಕ್ಕೆ ಬರಲು ಸುತ್ತು ಹಾಕಬೇಕಾಗುತ್ತದೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಇಂಗಾಲದ ಹೊರಸೂಸುವಿಕೆಯ ಲೆಕ್ಕಕ್ಕಾಗಿ ರೂಪಿಸಿದ ವಿಧಾನದಲ್ಲಿ, 550 ಕಿ.ಮೀ.ಗಿಂತ ಕಡಿಮೆಯಿರುವ ಮಾರ್ಗಗಳಿಗೆ ಮಹಾವೃತ್ತದ ದೂರದ ಜೊತೆಗೆ 50 ಕಿ.ಮೀ., ಅಲ್ಲಿಂದ 5500 ಕಿ.ಮೀ.ವರೆಗಿನವಕ್ಕೆ 100 ಕಿ.ಮೀ. ಸೇರಿಸಿಕೊಳ್ಳುತ್ತಾರೆ. ಉದ್ದದ ಮಾರ್ಗದಲ್ಲಿ ಈ ಸೇರ್ಪಡೆ ನಗಣ್ಯ. ನಮ್ಮ 390 ಕಿ.ಮೀ. ಮಾತ್ರ ಇದರಿಂದ 440 ಆಗುತ್ತದೆ, ಎಂದರೆ ಎಂಟರಲ್ಲಿ ಒಂದು ಪಾಲಿನಷ್ಟು ಹೆಚ್ಚಾಯಿತು.

ಅವಧಿ ಹುಟ್ಟುವ ಬಗೆ

ಸಣ್ಣ ನಿಲ್ದಾಣಗಳ ನಡುವೆ ಹೆಚ್ಚಾಗಿ ಹಾರುವುದು ಟರ್ಬೊಪ್ರಾಪ್, ಅಂದರೆ ಕಣ್ಣಿಗೆ ಕಾಣುವಂತೆ ಪ್ರೊಪೆಲರ್ ತಿರುಗುವ ವಿಮಾನ. ಎಪ್ಪತ್ತರ ಆಸುಪಾಸಿನಲ್ಲಿ ಆಸನಗಳಿರುವ ಎಟಿಆರ್ 72-600 ಗಂಟೆಗೆ ಸುಮಾರು 510 ಕಿ.ಮೀ. ವೇಗದಲ್ಲಿ ಹಾರಬಲ್ಲದು. ಹೆಚ್ಚುಕಡಿಮೆ ಅದೇ ಗಾತ್ರದ ಡ್ಯಾಶ್ 8-400ರ ವೇಗ 660 ಕಿ.ಮೀ. ದಾಟುತ್ತದೆ. ಒಂಬತ್ತು ಹತ್ತು ಜನರನ್ನು ಕರೆದೊಯ್ಯುವ ಒಂಟಿ ಎಂಜಿನ್ನಿನ ಸೆಸ್ನಾ ಕ್ಯಾರವಾನ್ 340 ಕಿ.ಮೀ. ಆಸುಪಾಸಿನಲ್ಲಿರುತ್ತದೆ. ಎಂಬ್ರೇಯರ್ 145ರಂಥ ಸಣ್ಣ ಜೆಟ್ ಆಗಲಿ ಏರ್‌ಬಸ್ ಎ320 ಆಗಲಿ 830 ಕಿ.ಮೀ. ಹತ್ತಿರಕ್ಕೆ ಹೋಗುತ್ತವೆ. ಟಿಕೆಟ್ ಕಾಯ್ದಿರಿಸುವಾಗ ವಿಮಾನದ ಮಾದರಿಯನ್ನು ಸಾಮಾನ್ಯವಾಗಿ ಸಣ್ಣ ಅಕ್ಷರದಲ್ಲಿ ತೋರಿಸಿರುತ್ತಾರೆ. ಎರಡು ನೇರ ವಿಮಾನಗಳನ್ನು ಹೋಲಿಸುವವರು ಅದನ್ನೊಮ್ಮೆ ನೋಡಬೇಕು.

ಹಾಗೆಂದು ಜೆಟ್ ಸಿಕ್ಕಿದರೆ ಸಮಯ ಅರ್ಧವಾಗುತ್ತದೆ ಎಂದು ತಿಳಿಯಬಾರದು. ವಿಮಾನ ಇಳಿಯುವ ದಾರಿ ಸಾಮಾನ್ಯವಾಗಿ 3 ಡಿಗ್ರಿ ಇಳಿಜಾರಿನದು. ಸ್ಥೂಲವಾಗಿ ಪ್ರತಿ ನಾಟಿಕಲ್ ಮೈಲಿಗೆ 300 ಅಡಿ ಇಳಿಯುತ್ತದೆ. 17,000 ಅಡಿಯಲ್ಲಿ ಹಾರುವ ಟರ್ಬೊಪ್ರಾಪ್ ತಲುಪಬೇಕಾದ ನಿಲ್ದಾಣಕ್ಕೆ ನೂರು ಕಿ.ಮೀ.ಗಿಂತ ಸ್ವಲ್ಪ ಹೆಚ್ಚು ದೂರವಿರುವಾಗಲೇ ಇಳಿಯಲು ಆರಂಭಿಸಬೇಕು. ಜೆಟ್ ವಿಮಾನ 33,000 ಅಡಿಗೆ ಏರಿದ್ದರೆ ಇಳಿಯಲು ಇನ್ನೂರು ಕಿ.ಮೀ. ಬೇಕು, ಏರಲೂ ಅದಕ್ಕೆ ತಕ್ಕಷ್ಟು ದೂರ ಬೇಕು. 390 ಕಿ.ಮೀ. ಮಾರ್ಗದಲ್ಲಿ ಏರಿ ಮುಗಿಯುವಷ್ಟರಲ್ಲಿ ಇಳಿಯುವ ಹೊತ್ತಾಗಿರುವುದರಿಂದ ಚಾಲಕರು ಅಷ್ಟು ಎತ್ತರಕ್ಕೆ ಹೋಗುವುದೇ ಇಲ್ಲ. ಅನೇಕ ದೇಶಗಳಲ್ಲಿ 10,000 ಅಡಿಗಿಂತ ಕೆಳಗೆ 250 ನಾಟ್, ಎಂದರೆ ಗಂಟೆಗೆ ಸುಮಾರು 463 ಕಿ.ಮೀ. ಎಂಬ ವೇಗಮಿತಿಯೂ ಇದೆ. ಹೀಗಾಗಿ ಜೆಟ್ ವಿಮಾನಕ್ಕೆ ತನ್ನ ಪೂರ್ಣ ವೇಗವನ್ನು ತೋರಿಸಲು ಸಿಗುವುದು ಕೆಲವೇ ನಿಮಿಷ.

ನಾನು ಬಳಸುವ ಲೆಕ್ಕ ಇಷ್ಟು: ಮಹಾವೃತ್ತದ ದೂರಕ್ಕೆ 50 ಕಿ.ಮೀ. ಸೇರಿಸಿ, ವಿಮಾನದ ವೇಗದಿಂದ ಭಾಗಿಸಿ, ಬಂದ ನಿಮಿಷಗಳಿಗೆ ಏರುವಾಗ ಇಳಿಯುವಾಗ ತಗ್ಗುವ ವೇಗಕ್ಕಾಗಿ 8 ನಿಮಿಷ, ನೆಲದ ಮೇಲಿನ ಓಡಾಟಕ್ಕಾಗಿ 10 ನಿಮಿಷ ಕೂಡಿಸುವುದು. ನಮ್ಮ ಮಾರ್ಗಕ್ಕೆ ಎಟಿಆರ್‌ನಲ್ಲಿ 52 ನಿಮಿಷದ ಮೇಲೆ 18 ಸೇರಿ 70 ನಿಮಿಷವಾಗುತ್ತದೆ. ಜೆಟ್‌ಗೆ 32 ನಿಮಿಷ ಬಂದರೂ ಏರಿಳಿತದಲ್ಲಿ ಕಳೆದುಕೊಳ್ಳುವುದು ಹೆಚ್ಚಾದ್ದರಿಂದ 55ರಿಂದ 60 ನಿಮಿಷ ಎಂದಿಟ್ಟುಕೊಳ್ಳಬಹುದು. ವೇಗದಲ್ಲಿ ಗಂಟೆಗೆ 320 ಕಿ.ಮೀ. ವ್ಯತ್ಯಾಸವಿದ್ದೂ ಕೈಗೆ ಸಿಕ್ಕಿದ ಲಾಭ ಹತ್ತು ಹದಿನೈದು ನಿಮಿಷ. ವೇಳಾಪಟ್ಟಿಯಲ್ಲಿ ಅಚ್ಚಾಗುವ ಅವಧಿ ವಿಮಾನ ನಿಂತ ಜಾಗದಿಂದ ಹೊರಟಲ್ಲಿಂದ ಮತ್ತೊಂದು ನಿಲ್ದಾಣದಲ್ಲಿ ನಿಲ್ಲುವವರೆಗಿನದು, ಅದರೊಳಗೆ ತಡವನ್ನು ಹೀರಿಕೊಳ್ಳಲೆಂದು ಸೇರಿಸಿದ ಕೆಲವು ನಿಮಿಷಗಳೂ ಇರುತ್ತವೆ. ಎರಡು ನಿಲ್ದಾಣಗಳು ಬೇರೆ ಬೇರೆ ಕಾಲವಲಯಗಳಲ್ಲಿದ್ದರೆ ಎರಡೂ ಸಮಯಗಳು ಆಯಾ ಊರಿನವು ಎಂಬುದನ್ನು ಮರೆಯಬಾರದು.

ನೆಲದ ಮೇಲಿನ ಆ ಹತ್ತು ನಿಮಿಷವನ್ನು ಕಿಟಕಿಯ ಪಕ್ಕ ಕುಳಿತವರು ಕಣ್ಣಾರೆ ನೋಡಬಹುದು. ಅನೇಕ ಸಣ್ಣ ನಿಲ್ದಾಣಗಳಲ್ಲಿ ರನ್‌ವೇಗೆ ಸಮಾನಾಂತರವಾದ ಟ್ಯಾಕ್ಸಿವೇ, ಎಂದರೆ ವಿಮಾನ ನೆಲದ ಮೇಲೆ ಓಡಾಡುವ ಬೇರೆ ದಾರಿ, ಇರುವುದಿಲ್ಲ. ವಿಮಾನ ನೆಲ ಮುಟ್ಟಿ, ವೇಗ ತಗ್ಗಿಸಿ, ರನ್‌ವೇಯ ತುದಿಯಲ್ಲಿ ಅಗಲ ಮಾಡಿದ ಜಾಗದಲ್ಲಿ ನಿಧಾನವಾಗಿ ಪೂರ್ತಿ ತಿರುಗಿ, ಆಗಷ್ಟೇ ಓಡಿಬಂದ ಅದೇ ರನ್‌ವೇಯ ಮೇಲೆ ಹಿಂದಿರುಗುತ್ತದೆ. ಟೈರುಗಳು ಬಿಟ್ಟ ಕಪ್ಪು ಗುರುತುಗಳು ಕೆಳಗೆ ಹಿಂದುಮುಂದಾಗಿ ಸರಿಯುತ್ತವೆ. ನಿಂತ ಮೇಲೆ ಎಟಿಆರ್‌ನ ಎಡಗಡೆ ಪ್ರೊಪೆಲರ್ ನಿಲ್ಲುತ್ತದೆ. ಬಲಗಡೆಯದಕ್ಕೆ ಬ್ರೇಕ್ ಹಾಕಿ ಎಂಜಿನ್ ಮಾತ್ರ ಓಡಲು ಬಿಡುವ ವ್ಯವಸ್ಥೆಯಿದ್ದು, ವಿದ್ಯುತ್ತು ಮತ್ತು ತಂಪುಗಾಳಿ ಅದರಿಂದ ಬರುತ್ತದೆ. ಪ್ರಯಾಣಿಕರು ಹಿಂಬದಿಯ ಎಡ ಬಾಗಿಲಿನಿಂದ ನಾಲ್ಕಾರು ಮೆಟ್ಟಿಲಿಳಿದು ನಡೆದೇ ಟರ್ಮಿನಲ್ ಸೇರುತ್ತಾರೆ. ದೊಡ್ಡ ನಿಲ್ದಾಣಗಳ ಉದ್ದುದ್ದ ನಡಿಗೆಗೆ ಹೋಲಿಸಿದರೆ ಸಣ್ಣ ನಿಲ್ದಾಣದ ದೊಡ್ಡ ಅನುಕೂಲ ಇದು, ಇಲ್ಲಿ ಉಳಿಯುವ ಇಪ್ಪತ್ತು ನಿಮಿಷ ಯಾವ ಕ್ಯಾಲ್ಕುಲೇಟರ್‌ನಲ್ಲೂ ಕಾಣುವುದಿಲ್ಲ.

ಗಾಳಿಯ ವಿಷಯ ಚಿಕ್ಕದು. ಗಂಟೆಗೆ 60 ಕಿ.ಮೀ. ಎದುರುಗಾಳಿಯಿದ್ದರೆ ಎಟಿಆರ್‌ನ 52 ನಿಮಿಷ 59 ಆಗುತ್ತದೆ, ಅದೇ ಗಾಳಿ ಬೆನ್ನಿಗಿದ್ದರೆ 46 ಆಗುತ್ತದೆ. ಹೋಗುವಾಗ ಕಳೆದುಕೊಂಡದ್ದನ್ನು ಬರುವಾಗ ಪೂರ್ತಿ ಮರಳಿ ಪಡೆಯಲಾಗುವುದಿಲ್ಲ ಎಂಬುದು ಇಲ್ಲಿನ ಸ್ವಾರಸ್ಯ. ನಿಧಾನವಾಗಿ ಹಾರುವ ವಿಮಾನ ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ಇರುತ್ತದೆ, ಬೆನ್ನ ಗಾಳಿಯಲ್ಲಿ ಕಡಿಮೆ ಹೊತ್ತು.

ಮನೆಯಿಂದ ಮನೆಗೆ ಲೆಕ್ಕ ಹಾಕಿದಾಗ

ಮನೆಯಿಂದ ನಿಲ್ದಾಣಕ್ಕೆ 30 ನಿಮಿಷ, ಹೊರಡುವ ಸಮಯಕ್ಕಿಂತ 75 ನಿಮಿಷ ಮೊದಲೇ ಹಾಜರಿರುವುದು, ಇಳಿದ ಮೇಲೆ ಲಗೇಜಿಗೆ 15 ನಿಮಿಷ, ಅಲ್ಲಿಂದ ತಲುಪಬೇಕಾದ ಮನೆಗೆ 30 ನಿಮಿಷ ಎಂದು ಹಿಡಿಯೋಣ. ಇವೇ ಎರಡೂವರೆ ಗಂಟೆ ಆದವು. 70 ನಿಮಿಷದ ನೇರ ವಿಮಾನವನ್ನು ಇದಕ್ಕೆ ಸೇರಿಸಿದರೆ ಒಟ್ಟು 3 ಗಂಟೆ 40 ನಿಮಿಷ, ಅದರಲ್ಲಿ ವಿಮಾನದೊಳಗೆ ಕಳೆದದ್ದು ಮೂರನೆಯ ಒಂದು ಪಾಲಿಗಿಂತ ಕಡಿಮೆ.

ವಿಮಾನ ಬದಲಿಸಿ ಹೋಗುವುದಾದರೆ, ನಡುವಿನ ದೊಡ್ಡ ನಿಲ್ದಾಣ ಒಂದು ಊರಿಗೆ 350, ಇನ್ನೊಂದಕ್ಕೆ 420 ಕಿ.ಮೀ. ದೂರದಲ್ಲಿದೆ ಎಂದುಕೊಳ್ಳೋಣ. ಮೇಲಿನ ಸೂತ್ರದಂತೆ ಮೊದಲ ಹಾರಾಟಕ್ಕೆ 65, ಎರಡನೆಯದಕ್ಕೆ ಸುಮಾರು 75 ನಿಮಿಷ. ನಡುವೆ ಕಾಯಲು 110 ನಿಮಿಷ ಇಟ್ಟುಕೊಂಡರೆ ಒಟ್ಟು 6 ಗಂಟೆ 40 ನಿಮಿಷವಾಗುತ್ತದೆ. ಇಲ್ಲಿ ಕಾಯುವ ಹೊತ್ತೇ ಮುಖ್ಯ, ಅದು ಒಂದು ಗಂಟೆಯೂ ಆಗಬಹುದು, ಐದು ಗಂಟೆಯೂ ಆಗಬಹುದು. ದೂರ ಎಷ್ಟು ಸುತ್ತಾಯಿತು ಎಂದು ಚಿಂತಿಸುವವರನ್ನು ನಾನು ನೋಡಿದ್ದೇನೆ. ಸುತ್ತಿನ ದೂರಕ್ಕಿಂತ ಎರಡು ವೇಳಾಪಟ್ಟಿಗಳು ಒಂದಕ್ಕೊಂದು ಹೊಂದುತ್ತವೆಯೇ ಎಂಬುದನ್ನು ನೋಡುವುದು ಹೆಚ್ಚು ಉಪಯುಕ್ತ.

ಮೂರನೆಯ ದಾರಿಯಲ್ಲಿ, 120 ಕಿ.ಮೀ. ಆಚೆಯ ದೊಡ್ಡ ನಿಲ್ದಾಣಕ್ಕೆ ರಸ್ತೆಯಲ್ಲಿ ಎರಡು ಗಂಟೆ, ಅಲ್ಲಿ ಸರದಿ ಸಾಲುಗಳು ಉದ್ದವಿರುವುದರಿಂದ ಒಂದೂವರೆ ಗಂಟೆ, 75 ನಿಮಿಷದ ಹಾರಾಟ, ಇಳಿದ ಮೇಲೆ ಮುಕ್ಕಾಲು ಗಂಟೆ ಸೇರಿ ಐದೂವರೆ ಗಂಟೆ. ಕಾಗದದ ಮೇಲೆ ಇದು ನೇರ ವಿಮಾನಕ್ಕೆ ಸೋಲುತ್ತದೆ. ಆದರೆ ಅಲ್ಲಿಂದ ದಿನಕ್ಕೆ ಮೂರ್ನಾಲ್ಕು ವಿಮಾನಗಳಿದ್ದರೆ ಈ ದಾರಿಯ ಬೆಲೆಯೇ ಬೇರೆ. ಅದಕ್ಕೆ ಮುಂದೆ ಬರುತ್ತೇನೆ.

ರಸ್ತೆಯ ದೂರ ನೇರ ದೂರಕ್ಕಿಂತ ಸಾಮಾನ್ಯವಾಗಿ ಕಾಲು ಭಾಗದಿಂದ ಮೂರನೆಯ ಒಂದು ಭಾಗದಷ್ಟು ಹೆಚ್ಚಿರುತ್ತದೆ, ಘಟ್ಟ ಅಥವಾ ಜಲರಾಶಿ ಅಡ್ಡ ಬಂದರೆ ಇನ್ನೂ ಹೆಚ್ಚು. 1.3ರಿಂದ ಗುಣಿಸಿದರೆ ನಮ್ಮ 390 ಕಿ.ಮೀ. 507 ಆಗುತ್ತದೆ. ಗಂಟೆಗೆ ಸರಾಸರಿ 60 ಕಿ.ಮೀ. ವೇಗದಲ್ಲಿ ಎಂಟೂವರೆ ಗಂಟೆ, ಎರಡು ಕಡೆ ನಿಲ್ಲಿಸಿದರೆ ಒಂಬತ್ತೂವರೆ. ಇಷ್ಟು ದೂರಕ್ಕೆ ರಸ್ತೆ ಸೋಲುತ್ತದೆ ಎನ್ನುವುದರಲ್ಲಿ ಸಂದೇಹವಿಲ್ಲ. ಹಾಗಾದರೆ ಎಷ್ಟು ದೂರದವರೆಗೆ ರಸ್ತೆ ಗೆಲ್ಲುತ್ತದೆ ಎಂದು ಇದೇ ಊಹೆಗಳನ್ನಿಟ್ಟು ಬಿಡಿಸಿದರೆ ಸುಮಾರು 150 ಕಿ.ಮೀ. ನೇರ ದೂರ ಬರುತ್ತದೆ. ಗಂಟೆಗೆ 90 ಕಿ.ಮೀ. ಸರಾಸರಿ ಸಿಗುವ, ಸುತ್ತು ಕಡಿಮೆಯಿರುವ ಹೆದ್ದಾರಿಯಿದ್ದರೆ ಆ ಗೆರೆ 250 ಕಿ.ಮೀ. ದಾಟುತ್ತದೆ. ನೇರ ರೈಲು ಇದ್ದರೆ ಇದೇ ಲೆಕ್ಕಕ್ಕೆ ರೈಲಿನ ಸರಾಸರಿ ವೇಗವನ್ನು ಹಾಕಿ ನೋಡಬಹುದು, ರಾತ್ರಿ ನಿದ್ದೆಯಲ್ಲಿ ಕಳೆಯುವ ಗಂಟೆಗಳನ್ನು ಹಗಲಿನ ಗಂಟೆಗಳಂತೆ ಎಣಿಸಬೇಕೇ ಎಂಬುದು ಅವರವರಿಗೆ ಬಿಟ್ಟದ್ದು.

ನಡುವೆ ಸಮುದ್ರವಿದ್ದರೆ ಈ ಗೆರೆಗಳಿಗೆ ಅರ್ಥವೇ ಇಲ್ಲ. ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಾದ ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇ ನಡುವೆ ಕೇವಲ 2.7 ಕಿ.ಮೀ. ದೂರಕ್ಕೆ ವೇಳಾಪಟ್ಟಿಯ ವಿಮಾನವಿದೆ. ಗಾಳಿ ಅನುಕೂಲವಾಗಿದ್ದರೆ ಎರಡು ನಿಮಿಷದೊಳಗೆ ತಲುಪಿಸುವ ಇದು ಜಗತ್ತಿನ ಅತ್ಯಂತ ಚಿಕ್ಕ ನಿಗದಿತ ವಿಮಾನ ಮಾರ್ಗವೆಂದು ಹೆಸರಾಗಿದೆ.

ವಿಮಾನ ಹೋಗದ ದಿನ

ಇಲ್ಲಿಯವರೆಗಿನ ಲೆಕ್ಕದಲ್ಲಿ ನೇರ ವಿಮಾನವೇ ನಿರಾಯಾಸವಾಗಿ ಗೆದ್ದಿದೆ. ಆದರೆ ಅದು ವಾರಕ್ಕೆ ಮೂರು ದಿನ ಮಾತ್ರ ಇದ್ದರೆ, ಏಳರಲ್ಲಿ ನಾಲ್ಕು ದಿನ ಆ 3 ಗಂಟೆ 40 ನಿಮಿಷ ಎಂಬುದು ಅಸ್ತಿತ್ವದಲ್ಲೇ ಇರುವುದಿಲ್ಲ. ಇದ್ದ ದಿನವೂ ರದ್ದಾದರೆ ಮುಂದಿನದಕ್ಕೆ ಎರಡು ಮೂರು ದಿನ ಕಾಯಬೇಕಾಗಬಹುದು.

ಸಣ್ಣ ನಿಲ್ದಾಣಗಳಲ್ಲಿ ವಿಮಾನ ರದ್ದಾಗಲು ಅವುಗಳದೇ ಆದ ಕಾರಣಗಳಿವೆ. ಇಳಿಯುವ ದಾರಿಯನ್ನು ರೇಡಿಯೊ ಸಂಕೇತಗಳಿಂದ ತೋರಿಸುವ ಐಎಲ್ಎಸ್ ಎಂಬ ಉಪಕರಣವಿರುವ ರನ್‌ವೇಯಲ್ಲಿ, ಅದರ ಮೊದಲ ದರ್ಜೆಯಲ್ಲೂ, 550 ಮೀಟರ್ ಗೋಚರತೆಯಿದ್ದರೆ ಇಳಿಯಲು ಪ್ರಯತ್ನಿಸಬಹುದು. ಕಣ್ಣಿಗೆ ಕಾಣುವುದನ್ನೇ ನಂಬಿ ಹಾರುವ ನಿಯಮದಡಿ ನಡೆಯುವ ನಿಲ್ದಾಣಕ್ಕೆ ಸಾಮಾನ್ಯವಾಗಿ 5 ಕಿ.ಮೀ. ಗೋಚರತೆ ಬೇಕು. ಒಂದೇ ಮುಂಜಾವಿನ ಮಂಜು ದೊಡ್ಡ ನಿಲ್ದಾಣವನ್ನು ನಿಧಾನಗೊಳಿಸಿ, ಸಣ್ಣ ನಿಲ್ದಾಣವನ್ನು ಮುಚ್ಚಿಯೇ ಬಿಡುವುದು ಹೀಗೆ. ರನ್‌ವೇಗೆ ದೀಪಗಳಿಲ್ಲದ ಕಡೆ ಸೂರ್ಯಾಸ್ತವೇ ಕೊನೆಯ ಗಡುವು. ಸಂಜೆಯ ವಿಮಾನ ಒಂದು ಗಂಟೆ ತಡವಾದರೆ ಅದು ತಡವಲ್ಲ, ರದ್ದು. ಬಿಸಿಲು ಹೆಚ್ಚಾದಾಗ ಗಾಳಿ ತೆಳುವಾಗಿ ವಿಮಾನ ಮೇಲೇರಲು ಹೆಚ್ಚು ಉದ್ದದ ರನ್‌ವೇ ಬೇಕಾಗುತ್ತದೆ, ಅಷ್ಟು ಉದ್ದವಿಲ್ಲದ ಕಡೆ ಕೆಲವು ಲಗೇಜುಗಳನ್ನೋ ಪ್ರಯಾಣಿಕರನ್ನೋ ಬಿಟ್ಟು ಹೋಗಬೇಕಾದ ಪ್ರಸಂಗ ಬರುತ್ತದೆ. ಇದಲ್ಲದೆ ಒಂದೇ ವಿಮಾನ ಬೆಳಗಿನಿಂದ ಸಂಜೆಯವರೆಗೆ ಐದಾರು ಊರು ಸುತ್ತುವುದು ರೂಢಿಯಾದ್ದರಿಂದ, ಬೆಳಗ್ಗೆ ಎಲ್ಲೋ ಆದ ಇಪ್ಪತ್ತು ನಿಮಿಷದ ತಡ ಸಂಜೆಗೆ ಬೆಳೆದು ನಿಂತಿರುತ್ತದೆ. ಆಯ್ಕೆಯಿದ್ದರೆ ದಿನದ ಮೊದಲ ವಿಮಾನವೇ ಒಳ್ಳೆಯದು, ಮಂಜಿನ ತಿಂಗಳುಗಳಲ್ಲಿ ಮಾತ್ರ ಎರಡನೆಯದು.

ಬದಲಿಸಿ ಹೋಗುವವರು ಎರಡು ಹಾರಾಟಗಳನ್ನೂ ಒಂದೇ ಬುಕಿಂಗ್‌ನಲ್ಲಿ ತೆಗೆದುಕೊಳ್ಳುವುದು ಅತ್ಯಗತ್ಯ ಎಂದು ನಾನು ಒತ್ತಿ ಹೇಳುತ್ತೇನೆ. ಒಮ್ಮೆ ನಾನು ಬೇರೆ ಬೇರೆ ಸಂಸ್ಥೆಗಳ ಎರಡು ಟಿಕೆಟ್‌ಗಳನ್ನು ನಡುವೆ ಎರಡು ಗಂಟೆ ಬಿಡುವಿಟ್ಟು ಕಾಯ್ದಿರಿಸಿದ್ದೆ. ಮೊದಲ ವಿಮಾನ 40 ನಿಮಿಷ ತಡವಾಯಿತು, ಲಗೇಜ್ ಬೆಲ್ಟಿನ ಮೇಲೆ ಬರಲು ಇನ್ನೊಂದು 25 ನಿಮಿಷ ಹಿಡಿಯಿತು. ಅದನ್ನು ಎಳೆದುಕೊಂಡು ಇನ್ನೊಂದು ಟರ್ಮಿನಲ್ಲಿಗೆ ಓಡಿದಾಗ ಕೌಂಟರ್ ಮುಚ್ಚಿ ಆರು ನಿಮಿಷವಾಗಿತ್ತು. ಕಿಟಕಿಯಾಚೆ ನನ್ನ ವಿಮಾನ ಇನ್ನೂ ನಿಂತೇ ಇತ್ತು. ಆ ಟಿಕೆಟ್ ಹೋಯಿತು, ಮಾರನೆಯ ದಿನಕ್ಕೆ ಹೊಸದನ್ನು ಕೊಂಡೆ. ಒಂದೇ ಬುಕಿಂಗ್ ಆಗಿದ್ದರೆ ಲಗೇಜ್ ತಾನಾಗಿಯೇ ಮುಂದಕ್ಕೆ ಹೋಗುತ್ತಿತ್ತು, ತಪ್ಪಿದ ವಿಮಾನಕ್ಕೆ ಬದಲಿ ಕೊಡುವ ಹೊಣೆಯೂ ಸಂಸ್ಥೆಯದಾಗುತ್ತಿತ್ತು. ಯುರೋಪಿಯನ್ ಒಕ್ಕೂಟದ 2004ರ 261ನೇ ನಿಯಮದಲ್ಲಿ ತಡಕ್ಕೆ ಪರಿಹಾರ ಲೆಕ್ಕ ಹಾಕುವಾಗ ಇಂಥ ಪ್ರಯಾಣವನ್ನು ಇಡಿಯಾಗಿ ನೋಡಲಾಗುತ್ತದೆ. ಅದರ ದೂರವೂ ಸುತ್ತಿದ ದೂರವಲ್ಲ, ಮೊದಲು ಹತ್ತಿದ ನಿಲ್ದಾಣದಿಂದ ಕೊನೆಗೆ ಇಳಿದ ನಿಲ್ದಾಣಕ್ಕಿರುವ ಮಹಾವೃತ್ತದ ದೂರ.

ಯಾರಿಗೆ ಯಾವುದು

ದಿನಾಂಕವನ್ನು ಒಂದೆರಡು ದಿನ ಹಿಂದೆ ಮುಂದೆ ಮಾಡಿಕೊಳ್ಳಬಲ್ಲವರು, ಹಿರಿಯರನ್ನೋ ಚಿಕ್ಕ ಮಕ್ಕಳನ್ನೋ ಕರೆದೊಯ್ಯುವವರು ನೇರ ವಿಮಾನವನ್ನೇ ಆರಿಸಿಕೊಳ್ಳಬೇಕು. ದೊಡ್ಡ ನಿಲ್ದಾಣದ ಗದ್ದಲ ತಪ್ಪುವುದೇ ಅದರ ಮುಖ್ಯ ಲಾಭ. ಸಂದರ್ಶನ, ಪರೀಕ್ಷೆ, ನ್ಯಾಯಾಲಯದ ದಿನದಂಥ, ತಪ್ಪಿಸಿಕೊಳ್ಳಲಾಗದ ಕೆಲಸವಿದ್ದವರಿಗೆ ನಾನು ಮೂರನೆಯ ದಾರಿಯನ್ನು ಸೂಚಿಸುತ್ತೇನೆ. ದೊಡ್ಡ ನಿಲ್ದಾಣದಿಂದ ಒಂದು ವಿಮಾನ ತಪ್ಪಿದರೆ ಅದೇ ದಿನ ಇನ್ನೊಂದಿರುತ್ತದೆ ಎಂಬ ಭರವಸೆಗೆ ಹೆಚ್ಚುವರಿ ಎರಡು ಗಂಟೆ ದುಬಾರಿಯೇನಲ್ಲ. ನೇರ ವಿಮಾನದಲ್ಲೇ ಹೋಗುವುದಾದರೆ ಒಂದು ದಿನ ಮೊದಲೇ ಹೊರಡಬೇಕು. ನಡುವಿನ ದೊಡ್ಡ ನಗರದಲ್ಲಿ ಹೇಗೂ ಕೆಲಸವಿರುವವರಿಗೆ ಬಿಟ್ಟರೆ, ವಿಮಾನ ಬದಲಿಸುವ ದಾರಿ ನನಗೆ ಕೊನೆಯ ಆಯ್ಕೆ. 200 ಕಿ.ಮೀ. ಒಳಗಿನ ದೂರಕ್ಕೆ ಒಳ್ಳೆಯ ರಸ್ತೆಯಿದ್ದರೆ ವಿಮಾನದ ಯೋಚನೆಯನ್ನೇ ಬಿಡಬಹುದು, ಮೂರ್ನಾಲ್ಕು ಜನ ಒಟ್ಟಿಗೆ ಹೋಗುವುದಾದರೆ ಇನ್ನೂ ಸ್ವಲ್ಪ ಹೆಚ್ಚು ದೂರಕ್ಕೂ.

ಹಿಂದಿರುಗುವ ಪ್ರಯಾಣಕ್ಕೆ ಈ ಲೆಕ್ಕವನ್ನು ಪ್ರತ್ಯೇಕವಾಗಿ ಮಾಡಬೇಕು. ಸಣ್ಣ ಮಾರ್ಗಗಳಲ್ಲಿ ವಿಮಾನ ಮೂರು ಊರುಗಳನ್ನು ತ್ರಿಕೋನದಲ್ಲಿ ಸುತ್ತುವುದುಂಟು. ಹೋಗುವಾಗ 70 ನಿಮಿಷದಲ್ಲಿ ನೇರವಾಗಿ ತಲುಪಿಸಿದ ವಿಮಾನವೇ ಬರುವಾಗ ನಡುವಿನ ಊರಿನಲ್ಲಿಳಿದು, ಅರ್ಧ ಗಂಟೆ ನಿಂತು, ಎರಡೂವರೆ ಗಂಟೆ ತೆಗೆದುಕೊಳ್ಳಬಹುದು. ಟಿಕೆಟಿನಲ್ಲಿ ವಿಮಾನದ ಸಂಖ್ಯೆ ಒಂದೇ ಆಗಿರುವುದರಿಂದ ನಿಲುಗಡೆ ಕಣ್ಣಿಗೆ ಬೀಳದೆ ಹೋಗುವುದೂ ಉಂಟು, ಹಾಗಾಗಿ ಹೊರಡುವ ಮತ್ತು ತಲುಪುವ ಸಮಯಗಳನ್ನು ಕಳೆದು ನೋಡಬೇಕು.